ಎಸ್‌ಇ ಲಿನಕ್ಸ್ ಆಫ್ ಮಾಡ್ಬೇಡಿ, ಲಾಗ್ ಓದಿ

ಎಲ್ರಿಗೂ ನಮಸ್ಕಾರ. ಲಿನಕ್ಸ್ ಸರ್ವರ್ ನೋಡ್ಕೊಳ್ಳೋ ಹುಡುಗ್ರು ಹುಡುಗೀರು ಕೇಳ್ತಿದೀರ ಅಂದ್ಕೊಂಡೇ ಮಾತಾಡ್ತೀನಿ. ಏನಾದ್ರೂ ಕೈಕೊಟ್ರೆ ಯಾರೋ ಒಬ್ರು ಹೇಳೇ ಹೇಳ್ತಾರೆ, ಎಸ್‌ಇ ಲಿನಕ್ಸ್ ಆಫ್ ಮಾಡಿ ಅಂತ. ದಯವಿಟ್ಟು ಮಾಡ್ಬೇಡಿ, ಮೊದ್ಲು ಲಾಗ್ ಓದಿ. ಎಸ್‌ಇ ಲಿನಕ್ಸ್ ಅಂದ್ರೆ ಯಾವ ಪ್ರೋಗ್ರಾಂ ಯಾವ ಫೈಲು, ಯಾವ ಪೋರ್ಟ್ ಮುಟ್ಬಹುದು ಅಂತ ಕಾಯೋ ಕಾವಲುಗಾರ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದಲ್ಲಿ ಇದನ್ನ ಹೊರಗೆ ಬಿಡ್ತು, 2003ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ, 2.6ರಲ್ಲಿ ಸೇರ್ತು. ರೂಟ್ ಆಗಿ, ಅಂದ್ರೆ ಪೂರ್ತಿ ಅಧಿಕಾರದಲ್ಲಿ ಓಡೋ ಸರ್ವಿಸನ್ನೂ ಇದು ಅಂಕೆಲಿ ಇಡತ್ತೆ, ಅಂಥದ್ದನ್ನ ಯಾಕ್ರೀ ಆಫ್ ಮಾಡೋದು?

ಒಂದು ಕಾಲೇಜಲ್ಲಿ ರಿಸಲ್ಟ್ ಪೇಜ್ ತೆಗೆದ್ರೆ 403 ಫರ್ಬಿಡನ್. ಅಲ್ಲಿನ ಹುಡುಗ ಪರ್ಮಿಷನ್ ನೋಡ್ದ, ಸರಿಯಾಗೇ ಇತ್ತು, ಆದ್ರೂ ಎಲ್ರಿಗೂ ಎಲ್ಲಾ ಪರ್ಮಿಷನ್ ಕೊಡೋ ಸಿಎಚ್‌ಮಾಡ್ 777 ಕೊಟ್ಟ, ವೆಬ್ ಸರ್ವರ್ ಅಪಾಚೆ ರೀಸ್ಟಾರ್ಟ್ ಮಾಡ್ದ, ಜಪ್ಪಯ್ಯ ಅಂದ್ರೂ ಪೇಜ್ ಬರ್ಲಿಲ್ಲ. ಎಸ್‌ಇ ಲಿನಕ್ಸ್ ತಡೆಯೋದನ್ನ ನಿಲ್ಸೋ ಸೆಟ್‌ಎನ್‌ಫೋರ್ಸ್ ಸೊನ್ನೆ ಅಂದ, ಬಂತು! "ಸರ್, ಹೀಗೇ ಬಿಟ್‌ಬಿಡೋಣ" ಅಂದ. ತಡಿಯಪ್ಪ, ಈಗ ಗೊತ್ತಾಗಿದ್ದು ತಡೀತಿರೋದು ಯಾರು ಅಂತ ಮಾತ್ರ, ಯಾಕೆ ಅಂತ ಲಾಗ್ ಹೇಳತ್ತೆ ಅಂದೆ. ಎಯು‌ಸರ್ಚ್‌ಗೆ ಮೈನಸ್ ಎಂ ಎವಿಸಿ ಕೊಟ್ವಿ, ಎಸ್‌ಇ ಲಿನಕ್ಸ್ ತಡೆದಿದ್ದನ್ನ ಲಾಗಲ್ಲಿ ಹುಡುಕೋ ಕಮಾಂಡ್ ಅದು. ಡಿನೈಡ್, ರೀಡ್, ಕೇಳಿದ್ದು ಎಚ್‌ಟಿಟಿಪಿಡಿ, ಅಂದ್ರೆ ಅಪಾಚೆ, ಫೈಲ್‌ಗೆ ಎಸ್‌ಇ ಲಿನಕ್ಸ್ ಅಂಟ್ಸಿರೋ ಲೇಬಲ್ ಯೂಸರ್ ಹೋಮ್ ಟಿ. ಅಲ್ಲೇ ಸಿಕ್ಬಿಡ್ತಲ್ಲ! ಫೈಲನ್ನ ಅವನ ಹೋಮ್ ಫೋಲ್ಡರ್‌ನಿಂದ ಎಂವಿ, ಅಂದ್ರೆ ಮೂವ್ ಮಾಡಿ ತಂದಿದ್ದ. ಕಾಪಿ ಮಾಡಿದ್ರೆ ಹೊಸ ಜಾಗದ ಲೇಬಲ್ ಬರತ್ತೆ, ಎಂವಿ ಮಾಡಿದ್ರೆ ಹಳೇ ಲೇಬಲ್ ಹೊತ್ಕೊಂಡೇ ಬರತ್ತೆ. ಎಲ್‌ಎಸ್ ಮೈನಸ್ ದೊಡ್ಡ ಝಡ್ ಹಾಕಿದ್ರೆ ಕಣ್ಣಿಗೇ ಕಾಣತ್ತೆ. ಜಾಗಕ್ಕೆ ತಕ್ಕ ಲೇಬಲ್ ಹಾಕೋ ರಿಸ್ಟೋರ್‌ಕಾನ್ ಓಡಿಸಿದ್ವಿ, ಲೇಬಲ್ ಎಚ್‌ಟಿಟಿಪಿಡಿ ಸಿಸ್ ಕಂಟೆಂಟ್ ಟಿ ಆಯ್ತು, ಎನ್‌ಫೋರ್ಸಿಂಗ್, ಅಂದ್ರೆ ತಡೆಯೋ ಮೋಡ್ ವಾಪಸ್ ಹಾಕಿದ್ವಿ, ಪೇಜ್ ಬಂತು. 777 ಕೂಡ ತೆಗೆಸ್ದೆ.

ಟೈಮ್ ಕಮ್ಮಿ ಇದೆ, ಉಳಿದಿದ್ದು ಬೇಗ ಹೇಳ್ತೀನಿ. ಫೈಲು ಮಾಮೂಲಿ ಜಾಗದಲ್ಲಿಲ್ಲ ಅಂದ್ರೆ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ರೂಲ್ ಬರ್ದು ಆಮೇಲೆ ರಿಸ್ಟೋರ್‌ಕಾನ್. ಲಾಗಲ್ಲಿ ನೇಮ್ ಬೈಂಡ್ ಅಂತಿದ್ರೆ ಪೋರ್ಟ್ ಸಮಸ್ಯೆ, ಸೆಮ್ಯಾನೇಜ್ ಪೋರ್ಟ್ ಬಳ್ಸಿ. ವೆಬ್ ಸರ್ವರ್ ಬೇರೆ ಮಷೀನಿನ ಡೇಟಾಬೇಸ್‌ಗೆ ಹೋಗ್ಬೇಕು ಅಂದ್ರೆ ಬೂಲಿಯನ್, ಅಂದ್ರೆ ಆನ್-ಆಫ್ ಸ್ವಿಚ್ ಇದೆ, ಅದನ್ನ ಹಾಕೋ ಸೆಟ್‌ಎಸ್‌ಇಬೂಲ್‌ಗೆ ದೊಡ್ಡ ಪಿ ಮರೀಬೇಡಿ, ಇಲ್ದಿದ್ರೆ ರೀಬೂಟ್ ಆದ್ಮೇಲೆ ಹೋಗ್ಬಿಡತ್ತೆ. ಲಾಗ್ ನೋಡಿ ಅನುಮತಿ ರೂಲ್ ಬರ್ಕೊಡೋ ಆಡಿಟ್‌ಟುಅಲೋ ಕಟ್ಟಕಡೆಗೆ, ಅದು ಕೊಟ್ಟ ರೂಲನ್ನೂ ಓದಿ ಆಮೇಲೆ ಲೋಡ್ ಮಾಡಿ. ಟೆಸ್ಟ್‌ಗೆ ಪರ್ಮಿಸಿವ್, ಅಂದ್ರೆ ತಡೀದೆ ಬರೀ ಲಾಗ್ ಬರ್ಯೋ ಮೋಡ್ ಇಟ್ಕೊಳ್ಳಿ, ಪರ್ವಾಗಿಲ್ಲ, ಡಿಸೇಬಲ್ ಮಾತ್ರ ಬೇಡ, ಯಾಕಂದ್ರೆ ಪರ್ಮಿಸಿವ್‌ನಲ್ಲಿ ಲಾಗ್ ಬರ್ತಾನೇ ಇರತ್ತೆ. ನಮಸ್ಕಾರ.