ಸೊಳ್ಳೆ, ವೈರಸ್ಸು ಮತ್ತು ಬದಲಾದ ಒಂದಕ್ಷರ

ಕೇಳುಗರಿಗೆಲ್ಲ ನಮಸ್ಕಾರ.

ಕೋಲಾರ ಅಂದ ಕೂಡಲೇ ಚಿನ್ನದ ಗಣಿ, ಟೊಮೆಟೊ ಮಂಡಿ ನೆನಪಾಗುತ್ತವೆ. ಕೋಲಾರದ ಹೆಸರಿನಲ್ಲಿ ಒಂದು ವೈರಸ್ಸೂ ಇದೆ ಅನ್ನೋದು ನಮ್ಮ ಜಿಲ್ಲೆಯವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ನಾವು ಮೆದುಳು ಜ್ವರ ಅಂತ ಕರೆಯುವ ಕಾಯಿಲೆಯ ವೈರಸ್ಸು ಅದು. 1980ರ ದಶಕದ ಶುರುವಿನಲ್ಲಿ ಕೋಲಾರದಲ್ಲಿ ಸಿಕ್ಕಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಅದನ್ನು ಪರೀಕ್ಷಿಸಿ ಜೋಪಾನ ಮಾಡಿದರು. ಸುಮಾರು 30 ವರ್ಷ ಕಳೆದ ಮೇಲೆ, 2013ರಲ್ಲಿ, ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಅದೇ ಕೋಲಾರ ತಳಿಯಿಂದ ಜೆನ್‌ವ್ಯಾಕ್ ಅನ್ನುವ ಲಸಿಕೆ ತಯಾರಿಸಿ ಬಿಡುಗಡೆ ಮಾಡಿತು.

ವೈರಸ್ಸಿಗೆ ಊರಿನ ಹೆಸರು ಯಾಕೆ? ಒಂದೇ ಕಾಯಿಲೆ ಅಂದ ಮೇಲೆ ಎಲ್ಲ ಕಡೆ ಒಂದೇ ವೈರಸ್ಸು ಇರಬೇಕಲ್ವಾ? ಇರುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ.

ಡೆಂಗಿ, ಚಿಕೂನ್‌ಗುನ್ಯ, ಜೀಕಾ, ಮೆದುಳು ಜ್ವರ, ಇವೆಲ್ಲ ಆರ್‌ಎನ್‌ಎ ವೈರಸ್‌ಗಳು. ಇವುಗಳ ಇಡೀ ಬದುಕು ಆರ್‌ಎನ್‌ಎ ಅನ್ನುವ ರಾಸಾಯನಿಕದ, ಸುಮಾರು 11 ಸಾವಿರ ಅಕ್ಷರದ ಒಂದು ಎಳೆಯಲ್ಲಿ ಬರೆದಿದೆ. ಡೆಂಗಿಯದು 10,700ರ ಹತ್ತಿರ, ಚಿಕೂನ್‌ಗುನ್ಯದ್ದು 11,800ರ ಹತ್ತಿರ. ಮನುಷ್ಯನ ಜೀನೋಮಿನಲ್ಲಿ, ಅಂದರೆ ಅವನ ಇಂಥದೇ ಬರಹದಲ್ಲಿ, 300 ಕೋಟಿ ಅಕ್ಷರ ಇವೆ, ಅಂಥವನನ್ನು ಈ 11 ಸಾವಿರ ಅಕ್ಷರ ಹಾಸಿಗೆ ಹಿಡಿಸುತ್ತದೆ. ಈ ಎಳೆಯನ್ನು ನಕಲು ಮಾಡುವ ಕಿಣ್ವಕ್ಕೆ ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸ ಇಲ್ಲ. ತಿದ್ದೋ ಮೇಷ್ಟ್ರಿಲ್ಲದ ಕ್ಲಾಸಿನಲ್ಲಿ ಮಕ್ಕಳು ಕಾಪಿ ಬರೆದ ಹಾಗೆ. ಹೆಚ್ಚುಕಮ್ಮಿ 10 ಸಾವಿರ ಅಕ್ಷರಕ್ಕೆ ಒಂದು ತಪ್ಪು ಬೀಳುತ್ತದೆ. ಅಂದರೆ ಹೊಸ ನಕಲಿಗೆ ಸರಾಸರಿ ಒಂದು ತಪ್ಪು ಇದೆ ಅಂತ ಇಟ್ಟುಕೊಳ್ಳಿ. ಹೀಗಾಗಿ ಜ್ವರ ಬಂದ ಒಬ್ಬರ ಮೈಯಲ್ಲೇ ಒಂದಕ್ಕೊಂದು ಅಷ್ಟಿಷ್ಟು ಬೇರೆಯಾದ ವೈರಸ್‌ಗಳ ದೊಡ್ಡ ಗುಂಪೇ ಇರುತ್ತದೆ.

ಹಾಗಾದರೆ ಇವು ದಿನಕ್ಕೊಂದು ರೂಪ ತಾಳಬೇಕಿತ್ತು. ತಾಳುವುದಿಲ್ಲ. ಯಾಕೆ ಅಂದರೆ ಸೊಳ್ಳೆಯಿಂದ ಹರಡುವ ವೈರಸ್ಸು ಎರಡು ಮನೆಯಲ್ಲಿ ಬಾಳಬೇಕು. ಒಂದು ನಮ್ಮ ಬಿಸಿ ಮೈ, ಇನ್ನೊಂದು ಕೀಟದ ಮೈ. ನಮ್ಮ ಮೈಯಲ್ಲಿ ಅನುಕೂಲ ಆಗುವ ತಪ್ಪು ಸೊಳ್ಳೆಯ ಮೈಯಲ್ಲಿ ಮುಳುವಾಗಬಹುದು. ಮೇಲಾಗಿ ಕುಡಿದ ರಕ್ತದ ಜೊತೆ ಹೋದ ವೈರಸ್ಸು ಸೊಳ್ಳೆಯ ಕರುಳಿನ ಗೋಡೆ ದಾಟಬೇಕು, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ತಲುಪಬೇಕು. ಡೆಂಗಿಗೆ ಇದಕ್ಕೆ 8ರಿಂದ 12 ದಿನ ಬೇಕು. ದಾರಿಯಲ್ಲಿ ಬಹುಪಾಲು ಕಳಚಿಕೊಳ್ಳುತ್ತವೆ, ದಾಟುವುದು ಕೆಲವೇ ಕೆಲವು. ಈ ಜರಡಿಯಲ್ಲಿ ಉಳಿದು ಬಂದ ಬದಲಾವಣೆಗೆ ಮಾತ್ರ ಬೆಲೆ.

ಈಗ 2006ರ ಚಿಕೂನ್‌ಗುನ್ಯಕ್ಕೆ ಬರೋಣ. ತುಮಕೂರು, ಕೋಲಾರದ ಕಡೆಯವರು ಆ ವರ್ಷವನ್ನು ಮರೆತಿರಲಾರರು. ಆಗಿನ್ನೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿರಲಿಲ್ಲ. ಮಂಡಿ, ಮಣಿಕಟ್ಟು, ಬೆರಳಿನ ಗೆಣ್ಣು, ಒಂದೂ ಬಿಡದೆ ನೋವು. ಕೂತವರಿಗೆ ಏಳಲು ಆಗದು, ಎದ್ದವರಿಗೆ ಚೊಂಬು ಹಿಡಿಯಲು ಆಗದು. ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯಲು ಆಳು ಸಿಗಲಿಲ್ಲ, ಆಳುಗಳೂ ಮಲಗಿದ್ದರು. ದೇಶದಲ್ಲಿ ಆ ವರ್ಷ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕರ್ನಾಟಕದ್ದೇ.

ಚಿಕೂನ್‌ಗುನ್ಯ ನಮ್ಮ ದೇಶಕ್ಕೆ ಹೊಸದಲ್ಲ. 1963ರಲ್ಲಿ ಕಲ್ಕತ್ತಾದಲ್ಲಿ ಬಂದಿತ್ತು, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಬಂದಿತ್ತು. ಆಮೇಲೆ 32 ವರ್ಷ ಸದ್ದೇ ಇಲ್ಲ. ತಿರುಗಿ ಬಂದಾಗ ಅದರ ಅಕ್ಷರಗಳನ್ನು ಓದಿ ನೋಡಿದರೆ ಅದು ಹಳೆಯ ಏಷ್ಯಾ ತಳಿ ಆಗಿರಲಿಲ್ಲ. ಪೂರ್ವ ಆಫ್ರಿಕಾ ಕಡೆಯ ತಳಿ, ಆಗ ಹಿಂದೂ ಮಹಾಸಾಗರದ ದ್ವೀಪಗಳಲ್ಲೂ ಹರಡಿದ್ದು.

ಆ ದ್ವೀಪಗಳಲ್ಲಿ ರಿಯೂನಿಯನ್ ಒಂದು. ಅಲ್ಲಿ ಮೂರರಲ್ಲಿ ಒಬ್ಬರಿಗೆ ಕಾಯಿಲೆ ಬಂತು. ಆಶ್ಚರ್ಯ ಏನೆಂದರೆ, ಈ ವೈರಸ್ಸಿಗೆ ಒಗ್ಗಿದ ಈಡಿಸ್ ಈಜಿಪ್ಟಿ ಸೊಳ್ಳೆ ಅಲ್ಲಿ ಬಹಳ ಕಡಿಮೆ. ಇದ್ದದ್ದು ಬೆನ್ನ ಮೇಲೆ ಉದ್ದಕ್ಕೆ ಒಂದೇ ಬಿಳಿ ಗೆರೆ ಇರುವ, ಈಡಿಸ್ ಆಲ್ಬೊಪಿಕ್ಟಸ್ ಅನ್ನುವ ಇನ್ನೊಂದು ಸೊಳ್ಳೆ. ವೈರಸ್ಸಿನ ಮೇಲ್ಕವಚದಲ್ಲಿರುವ ಇ1 ಪ್ರೋಟೀನಿನ 226ನೇ ಜಾಗದಲ್ಲಿ ಅಲನಿನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನನ್ನು ಕಟ್ಟುವ ಇಟ್ಟಿಗೆ) ಇದ್ದದ್ದು ವ್ಯಾಲಿನ್ ಅನ್ನುವ ಇನ್ನೊಂದು ಆಗಿತ್ತು. ಎಳೆಯಲ್ಲಿ ಬದಲಾದದ್ದು ಒಂದೇ ಒಂದು ಅಕ್ಷರ. ಅಷ್ಟಕ್ಕೇ ಆಲ್ಬೊಪಿಕ್ಟಸ್ಸಿನ ಕರುಳು ಅದಕ್ಕೆ ಸಲೀಸಾಯಿತು. ಹಳೆಯ ಏಷ್ಯಾ ತಳಿ ಈ ಸೊಳ್ಳೆಯ ತವರಿನಲ್ಲೇ ಎಷ್ಟೋ ದಶಕ ಓಡಾಡಿತ್ತು, ಆದರೂ ಅದಕ್ಕೆ ಈ ಉಪಾಯ ದಕ್ಕಲಿಲ್ಲ. ಅದರ 98ನೇ ಜಾಗದಲ್ಲಿದ್ದ ಬೇರೊಂದು ಅಮೈನೋ ಆಮ್ಲ 226ರ ಬದಲಾವಣೆಯ ಲಾಭವನ್ನು ಅಳಿಸಿ ಹಾಕುತ್ತಿತ್ತು. ಎಲ್ಲೋ ಹಿಂದೆ ಆದ ಬದಲಾವಣೆಯೊಂದು ಮುಂದಿನ ದಾರಿಯನ್ನೇ ಮುಚ್ಚಿಬಿಟ್ಟಿತ್ತು ನೋಡಿ. ನನಗಂತೂ ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

2006ರಲ್ಲಿ ನಮ್ಮ ಕಡೆ ಹರಡಿದ ವೈರಸ್ಸಿನಲ್ಲಿ ಈ ಬದಲಾವಣೆ ಇರಲಿಲ್ಲ. ಮರುವರ್ಷ ಕೇರಳದಲ್ಲಿ ಕಾಣಿಸಿತು. ಅಲ್ಲಿ ರಬ್ಬರ್ ತೋಟ, ಹಾಲು ಹಿಡಿಯುವ ಚಿಪ್ಪು, ಆ ಚಿಪ್ಪಿನಲ್ಲಿ ಮಳೆನೀರು, ನೀರಿನಲ್ಲಿ ಆಲ್ಬೊಪಿಕ್ಟಸ್. ರಿಯೂನಿಯನ್ನಿನಿಂದ ಹೊತ್ತು ತಂದದ್ದಲ್ಲ, ಅಲ್ಲೂ ಅದೇ ಅಕ್ಷರ ತಾನಾಗಿ ಬದಲಾಗಿತ್ತು ಅಂತ ವಂಶಾವಳಿ ತೋರಿಸುತ್ತದೆ. ನಮ್ಮಲ್ಲಿ ಬದಲಾಗುವ ಅಗತ್ಯವೇ ಇರಲಿಲ್ಲ. ಬಯಲುಸೀಮೆ, ನಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಡ್ರಮ್ಮು, ಸಂಪು, ಸಿಮೆಂಟ್ ತೊಟ್ಟಿ, ಕೊನೆಗೆ ಹಳೇ ಬಕೆಟ್ಟನ್ನೂ ಬಿಡದೆ ಎಲ್ಲ ತುಂಬಿಸಿಕೊಳ್ಳುತ್ತೇವೆ. ಈಜಿಪ್ಟಿ ಸೊಳ್ಳೆಗೆ ಬೇಕಾದದ್ದೂ ಇದೇ. ಬಂದ ವೈರಸ್ಸಿಗೆ ಹಳೆಯ ವಾಹನ ಮನೆಮನೆಯಲ್ಲೂ ಸಿದ್ಧ ಇತ್ತು. ಟಿವಿಯಲ್ಲಿ "ಹೊಸ ರೂಪಾಂತರಿ" ಅಂತ ಸುದ್ದಿ ಬಂದಾಗ ಹೆದರುವ ನಾವು, ರೂಪ ಬದಲಿಸದ ವೈರಸ್ಸೇ ಅಷ್ಟು ಜನರನ್ನು ಮಲಗಿಸಿತು ಅನ್ನೋದನ್ನು ಮರೆಯುತ್ತೇವೆ.

ಒಂದು ಕೆಲಸ ಮಾಡಿ. ಮಧ್ಯಾಹ್ನ ಟಾರ್ಚ್ ಹಿಡಿದು ನಿಮ್ಮ ತೊಟ್ಟಿಯೊಳಗೆ ನೋಡಿ. ಬೆಳಕು ಬಿದ್ದ ತಕ್ಷಣ ಸಣ್ಣ ಹುಳುಗಳು ಮೈ ಬಳುಕಿಸುತ್ತಾ ತಳಕ್ಕೆ ಓಡಿದರೆ ಅವು ಸೊಳ್ಳೆಮರಿ. ನೀರು ಚೆಲ್ಲಿದರೆ ಮರಿ ಹೋಗುತ್ತದೆ, ಮೊಟ್ಟೆ ಹೋಗುವುದಿಲ್ಲ. ಮೊಟ್ಟೆ ಇರುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಕೊಂಡು, ಕಪ್ಪು ಚುಕ್ಕಿಯ ಹಾಗೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಆದ್ದರಿಂದ ಸುಮ್ನೆ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಲೇಬೇಕು.

ಶಿಡ್ಲಘಟ್ಟದ ಕಡೆ ಇದು ಇನ್ನೂ ಮುಖ್ಯ. 2023ರಲ್ಲಿ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜೀಕಾ ವೈರಸ್ಸು ಪತ್ತೆಯಾಯಿತು. 1947ರಲ್ಲಿ ಉಗಾಂಡದ ಜೀಕಾ ಕಾಡಿನ ಕೋತಿಯಲ್ಲಿ ಮೊದಲು ಸಿಕ್ಕ ವೈರಸ್ಸು ಅದು. ಸೊಳ್ಳೆ ಕೊಲ್ಲಲು ಊರಿಗೆಲ್ಲ ಹೊಗೆ ಹಾಕಿಸೋಣ ಅಂದರೆ ಮನೆಮನೆಯಲ್ಲಿ ರೇಷ್ಮೆ ಹುಳು. ಅದೂ ಕೀಟವೇ, ಸೊಳ್ಳೆಯನ್ನು ಕೊಲ್ಲುವ ಔಷಧಿ ಅದನ್ನೂ ಕೊಲ್ಲುತ್ತದೆ. ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರಬೇಕಾದ ಹುಳು ಸತ್ತರೆ ಒಂದು ಬೆಳೆಯೇ ಹೋಯಿತು. ಅಂಥ ಊರಿಗೆ ಹೊಗೆಗಿಂತ ತೊಟ್ಟಿಗೆ ಬಿಡುವ ಗಪ್ಪಿ, ಗ್ಯಾಂಬೂಸಿಯಾ ಮೀನೇ ವಾಸಿ.

ಮಕ್ಕಳ ಲಸಿಕೆಯ ಬಗ್ಗೆ ಒಂದು ಮಾತು. ಕೋಲಾರದಂಥ ಜಿಲ್ಲೆಗಳಲ್ಲಿ 9 ತಿಂಗಳಿಗೆ ಮೆದುಳು ಜ್ವರದ ಲಸಿಕೆ ಕೊಡುತ್ತಾರೆ. ಜೆನ್‌ವ್ಯಾಕ್ ಅಲ್ಲದೆ ಚೀನಾದಲ್ಲಿ ಹುಟ್ಟಿದ ಇನ್ನೊಂದು ಲಸಿಕೆಯೂ ಇದೆ. ಅಲ್ಲಿಯ ವಿಜ್ಞಾನಿಗಳು ವೈರಸ್ಸನ್ನು ಹ್ಯಾಮ್‌ಸ್ಟರ್ ಅನ್ನುವ ಪ್ರಾಣಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ನೂರಕ್ಕೂ ಹೆಚ್ಚು ಸಲ ಬೆಳೆಸಿದರು. ಅಲ್ಲಿಗೆ ಒಗ್ಗುತ್ತಾ ಒಗ್ಗುತ್ತಾ ಅದು ಮೆದುಳಿಗೆ ನುಗ್ಗುವ ಕಸುವನ್ನೇ ಕಳೆದುಕೊಂಡಿತು. ನಕಲು ಮಾಡುವಾಗ ಬೀಳುವ ಅದೇ ತಪ್ಪುಗಳನ್ನು ಮನುಷ್ಯರು ತಮ್ಮ ಕೆಲಸಕ್ಕೆ ಬಳಸಿಕೊಂಡ ರೀತಿ ಇದು. ದಯವಿಟ್ಟು ಆ ಡೋಸ್ ತಪ್ಪಿಸಬೇಡಿ.

ಇನ್ನು ಡೆಂಗಿ. ಅದರಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಆ ಬಗೆಯಿಂದ ರಕ್ಷಣೆ ಸಿಗುತ್ತದೆ. ಉಳಿದ ಮೂರರಲ್ಲಿ ಇನ್ನೊಂದು ಬಂದಾಗ, ಮೊದಲ ಸಲ ಮೈ ತಯಾರಿಸಿಕೊಂಡ ರಕ್ಷಕ ಪ್ರೋಟೀನುಗಳು, ಅಂದರೆ ಹಳೆಯ ಪ್ರತಿಕಾಯಗಳು, ಹೊಸ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ಕೊಲ್ಲಲಾರವು. ಕೆಲವೊಮ್ಮೆ ಬಿಳಿ ರಕ್ತಕಣದ ಒಳಕ್ಕೆ ತಾವೇ ಕರೆದೊಯ್ದು ಬಿಡುತ್ತವೆ. ಎರಡನೇ ಸಲದ ಡೆಂಗಿ ಜೋರಾಗುವ ಭಯ ಹೆಚ್ಚಿರುವುದು ಇದರಿಂದಲೇ. ಜ್ವರ ಬಂದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಬ್ರೂಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಮೊದಲ ನಾಲ್ಕೈದು ದಿನದೊಳಗೆ, ರಕ್ತದಲ್ಲಿ ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಮುಂಚೆ ಡೆಂಗಿ ಬಂದಿದ್ದರೆ ಅದು ಯಾವ ವರ್ಷ ಅಂತ ಒಂದು ಕಡೆ ಬರೆದಿಡಿ. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ.

ನಮಸ್ಕಾರ.