ಯಾರ್ಕ್ ನಗರದ ಛಾಯಾಗ್ರಹಣ: ಸ್ಥಳಗಳ ಪಟ್ಟಿಗಿಂತ ಮೊದಲು ಸೂರ್ಯನ ಲೆಕ್ಕ

[ದೃಶ್ಯ: ಕೋಟೆಗೋಡೆಯ ಮೇಲಿಂದ ಕಾಣುವ ಯಾರ್ಕ್, ಮನೆಗಳ ಮಾಡುಗಳಾಚೆ ಮಿನ್‌ಸ್ಟರ್‌ನ ಮೂರು ಗೋಪುರಗಳು]

ನಿರೂಪಣೆ:
ವೀಕ್ಷಕರೇ, ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್ ನಗರಕ್ಕೆ ಕ್ಯಾಮೆರಾ ಹಿಡಿದು ಹೊರಡುವವರು ಮೊದಲು ನೋಡಬೇಕಾದ ಸ್ಥಳಗಳನ್ನು ಪಟ್ಟಿ ಮಾಡಿಕೊಳ್ಳುತ್ತಾರೆ. ಆ ಪಟ್ಟಿಗಿಂತ ಮುಂಚೆ ತಿಳಿಯಬೇಕಾದದ್ದು ಅಲ್ಲಿ ಸೂರ್ಯ ಯಾವ ಹೊತ್ತಿನಲ್ಲಿ ಎಲ್ಲಿರುತ್ತಾನೆ ಎಂಬುದು. ಯಾರ್ಕ್ ಇರುವುದು ಸುಮಾರು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯನೂ ದಿಗಂತದಿಂದ 13 ಡಿಗ್ರಿಯಷ್ಟು ಎತ್ತರಕ್ಕೆ ಬರುವುದಿಲ್ಲ. ಜೂನ್ ತಿಂಗಳಲ್ಲಿ ಅವನು ಏರುವ ಗರಿಷ್ಠ ಎತ್ತರ ಸುಮಾರು 59 ಡಿಗ್ರಿ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯನೇ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹೀಗಾಗಿ ಬೆಳಗ್ಗೆ ಒಂಬತ್ತರ ನಂತರ ಸಂಜೆಯವರೆಗೆ ಕ್ಯಾಮೆರಾ ಚೀಲದಲ್ಲಿರಲಿ ಎಂದು ನಮ್ಮಲ್ಲಿ ಹೇಳುವ ಬುದ್ಧಿಮಾತು ಯಾರ್ಕಿನ ಚಳಿಗಾಲಕ್ಕೆ ಅನ್ವಯಿಸುವುದೇ ಇಲ್ಲ. ಮೋಡವಿಲ್ಲದ ದಿನ ಸಿಕ್ಕರೆ, ಅದು ಸಿಗುವುದೇ ಅಪರೂಪ, ಇಡೀ ಹಗಲು ಓರೆ ಬೆಳಕು ಇರುತ್ತದೆ.

ಈ ಓರೆ ಬೆಳಕಿಗೆ ಅಲ್ಲಿನ ಕಲ್ಲು ಚೆನ್ನಾಗಿ ಒಪ್ಪುತ್ತದೆ. ಯಾರ್ಕ್ ಮಿನ್‌ಸ್ಟರ್ ಎಂಬ ಮಹಾ ಕ್ಯಾಥೆಡ್ರಲ್ ಕೆನೆಬಣ್ಣದ ಸುಣ್ಣಕಲ್ಲಿನಿಂದ ಕಟ್ಟಿದ್ದು. ಆ ಕಲ್ಲು ಹತ್ತಿರದ ಟ್ಯಾಡ್‌ಕಾಸ್ಟರ್ ಸುತ್ತಲಿನ ಗಣಿಗಳಿಂದ ಬಂದಿತು. ಇಳಿಬಿಸಿಲಿನಲ್ಲಿ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಣ್ಣಗಳನ್ನು ತಾನೇ ಸರಿದೂಗಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಆ ಹಳದಿಯನ್ನು ದೋಷವೆಂದು ತಿಳಿದು ಅಳಿಸಿಹಾಕುವುದರಿಂದ, ಅದನ್ನು ಹಗಲು ಬೆಳಕಿನ ಆಯ್ಕೆಗೆ ಬದಲಿಸಿಕೊಳ್ಳುವುದು ಒಳ್ಳೆಯದು.

[ದೃಶ್ಯ: ಡಂಕಂಬ್ ಪ್ಲೇಸ್ ರಸ್ತೆಯಿಂದ ಮಿನ್‌ಸ್ಟರ್‌ನ ಪಶ್ಚಿಮ ಮುಖ]

ಸುಮಾರು 1220ರಿಂದ 1472ರವರೆಗೆ ಹಂತಹಂತವಾಗಿ ಎದ್ದ ಈ ಕಟ್ಟಡದ ಅತ್ಯಂತ ಪರಿಚಿತ ನೋಟ ದೊರೆಯುವುದು ನೈರುತ್ಯದ ಡಂಕಂಬ್ ಪ್ಲೇಸ್‌ನಿಂದ. ಇಂದು ಅಲ್ಲಿ ಅಗಲವಾದ ರಸ್ತೆಯೂ ಮರಗಳೂ ಇವೆ. ಆದರೆ ನೆಗೆಟಿವ್‌ನಿಂದ ಪ್ರತಿಗಳನ್ನು ತೆಗೆಯುವ ಕ್ಯಾಲೊಟೈಪ್ ವಿಧಾನವನ್ನು ಕಂಡುಹಿಡಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1845ರ ಜುಲೈನಲ್ಲಿ ಇದೇ ದಿಕ್ಕಿನಿಂದ ಮಿನ್‌ಸ್ಟರ್ ಅನ್ನು ಚಿತ್ರಿಸಿದಾಗ, ಅಲ್ಲಿದ್ದದ್ದು ಲಾಪ್ ಲೇನ್ ಎಂಬ ಇಕ್ಕಟ್ಟಿನ ಓಣಿ. ಅವನ ಚಿತ್ರದಲ್ಲಿ ಎರಡೂ ಬದಿಯ ಸಾಧಾರಣ ಮನೆಗಳ ಹಿಂದಿನಿಂದ ಕಟ್ಟಡ ಮೇಲೇಳುತ್ತದೆ, ಮತ್ತು ಅದರ ಗಾತ್ರ ನೋಡುವವನಿಗೆ ತಕ್ಷಣ ಅರಿವಾಗುತ್ತದೆ. ಮುಂದಿನ ದಶಕಗಳಲ್ಲಿ ಆ ಓಣಿಯನ್ನು ಅಗಲಿಸಲಾಯಿತು. ನೋಟ ವಿಶಾಲವಾಯಿತು, ನಿಜ. ಆದರೆ ಅಳತೆಗೋಲಿನಂತಿದ್ದ ಮನೆಗಳು ಚೌಕಟ್ಟಿನಿಂದ ಹೊರಗೆ ಹೋದವು. ಟಾಲ್ಬಟ್‌ನ ಚಿತ್ರದ ಗುಣ ಬೇಕೆನಿಸಿದವರು ಹೈ ಪೀಟರ್‌ಗೇಟ್ ಬೀದಿಗೆ ಹೋಗಬೇಕು. ಅಂಗಡಿಗಳ ಸಾಲಿನ ನಡುವೆ ಗೋಪುರಗಳು ಅಲ್ಲಿ ಈಗಲೂ ಹಾಗೆಯೇ ಎದ್ದು ನಿಲ್ಲುತ್ತವೆ.

ಪಶ್ಚಿಮ ಮುಖಕ್ಕೆ ಬಿಸಿಲು ತಾಗುವುದು ಮಧ್ಯಾಹ್ನದ ನಂತರವೇ ಆದ್ದರಿಂದ ಬೆಳಗ್ಗೆ ಬಂದವರಿಗೆ ಸಿಗುವುದು ನೆರಳಿನ ಗೋಡೆ. ಡಿಸೆಂಬರಿನಲ್ಲಿ ಮೂರೂ ಮುಕ್ಕಾಲಿನ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಈ ಅವಕಾಶ ಬಹಳ ಕಿರಿದು. ಉತ್ತರ ಮುಖದ ಲೆಕ್ಕ ಇನ್ನೂ ಸ್ವಾರಸ್ಯಕರ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಅದಕ್ಕೆ ನೇರ ಬಿಸಿಲು ಬೀಳುವುದೇ ಇಲ್ಲ. ಜೂನ್‌ನಲ್ಲಾದರೋ ಸೂರ್ಯ ಮುಳುಗುವುದು ವಾಯವ್ಯದಲ್ಲಿ, ರಾತ್ರಿ ಒಂಬತ್ತೂವರೆಯ ನಂತರ. ಆದ್ದರಿಂದ ಏಳೂವರೆಯಿಂದಾಚೆ ಉತ್ತರದ ಗೋಡೆಯ ಒಂದೊಂದು ಕೆತ್ತನೆಯೂ ನೆರಳಿನ ಅಂಚು ಪಡೆಯುತ್ತದೆ. ಇದನ್ನು ಕಾಣಲು ಬೂಥಮ್ ಬಾರ್ ಮತ್ತು ಮಂಕ್ ಬಾರ್ ಎಂಬ ಎರಡು ಹೆಬ್ಬಾಗಿಲುಗಳ ನಡುವಿನ ಕೋಟೆಗೋಡೆಯ ಮೇಲೆ ನಡೆಯಬೇಕು. ನನ್ನ ಅಭಿಪ್ರಾಯದಲ್ಲಿ ಯಾರ್ಕಿನ ಅತ್ಯುತ್ತಮ ನೋಟ ಇದೇ. ಪಶ್ಚಿಮ ಮುಖಕ್ಕೆ ಎರಡನೆಯ ಸ್ಥಾನ.

[ದೃಶ್ಯ: ಕೋಟೆಗೋಡೆಯ ಕಾಲುದಾರಿ, ಇಳಿಜಾರಿನಲ್ಲಿ ಹಳದಿ ಡ್ಯಾಫೊಡಿಲ್ ಹೂಗಳು]

ಸುಮಾರು 3.4 ಕಿಲೋಮೀಟರ್ ಉದ್ದದ ಈ ಗೋಡೆಯ ಬಾಗಿಲುಗಳು ಬೆಳಗ್ಗೆ ಎಂಟಕ್ಕೆ ತೆರೆದು ಮುಸ್ಸಂಜೆಗೆ ಮುಚ್ಚುತ್ತವೆ. ಜೂನ್‌ನಲ್ಲಿ ನಾಲ್ಕೂವರೆಗೇ ಸೂರ್ಯ ಹುಟ್ಟುವುದರಿಂದ ಬೇಸಿಗೆಯ ಸೂರ್ಯೋದಯವನ್ನು ಗೋಡೆಯ ಮೇಲಿಂದ ತೆಗೆಯಲು ಸಾಧ್ಯವಿಲ್ಲ. ಡಿಸೆಂಬರಿನಲ್ಲಿ ಸೂರ್ಯೋದಯ ಎಂಟು ಗಂಟೆ ದಾಟಿದ ಮೇಲೆ, ಹಾಗಾಗಿ ಅದು ಸಾಧ್ಯ. ಆದರೆ ಹಿಮ ಬಿದ್ದು ಕಲ್ಲು ಜಾರುವಂತಾದ ದಿನ, ಅಂದರೆ ಎಲ್ಲರಿಗೂ ಚಿತ್ರ ಬೇಕೆನಿಸುವ ದಿನವೇ, ಸುರಕ್ಷತೆಗಾಗಿ ಬಾಗಿಲು ಹಾಕುತ್ತಾರೆ. ರೈಲು ನಿಲ್ದಾಣದ ಬಳಿಯ ಗೋಡೆಯಿಂದ ಈಶಾನ್ಯಕ್ಕೆ ತಿರುಗಿ, ಟೆಲಿಫೋಟೋ ಲೆನ್ಸ್‌ನಲ್ಲಿ ಮಿನ್‌ಸ್ಟರ್ ಅನ್ನು ನಗರದ ಮಾಡುಗಳ ಮೇಲಕ್ಕೆ ಎಳೆದು ತರುವ ಚಿತ್ರವನ್ನು ಸಂಜೆಗೆ ಇಟ್ಟುಕೊಳ್ಳಬಹುದು.

[ದೃಶ್ಯ: ಶ್ಯಾಂಬಲ್ಸ್ ಬೀದಿ, ಜನರಿಲ್ಲದ ಮುಂಜಾನೆ]

ಶ್ಯಾಂಬಲ್ಸ್ ಮಾಂಸದಂಗಡಿಗಳ ಬೀದಿಯಾಗಿತ್ತು. ಮರದ ಚೌಕಟ್ಟಿನ ಮನೆಗಳ ಮೇಲಂತಸ್ತುಗಳು ಬೀದಿಯ ಮೇಲೆ ಮುಂಚಾಚಿ ಬಹುತೇಕ ಒಂದನ್ನೊಂದು ಮುಟ್ಟುವಂತಿವೆ. ಬಿಸಿಲು ತಡೆದು ಮಾಂಸ ಕೆಡದಂತೆ ಕಾಯಲು ಇದು ನೆರವಾಗುತ್ತಿತ್ತು. ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ. ಛಾಯಾಗ್ರಾಹಕನಿಗೆ ಇದೇ ತೊಡಕು: ಕೆಳಗೆ ಕತ್ತಲು, ಮೇಲೆ ಕಣ್ಣು ಕುಕ್ಕುವ ಆಕಾಶದ ಸೀಳು. ಆಕಾಶವನ್ನು ಚೌಕಟ್ಟಿನಿಂದ ಆದಷ್ಟು ಹೊರಗಿಡಿ. ಹತ್ತು ಗಂಟೆಯ ಮೇಲೆ ಅಲ್ಲಿ ಜನರ ತಲೆಗಳಷ್ಟೇ ಚಿತ್ರಕ್ಕೆ ಸಿಗುತ್ತವೆ.

[ದೃಶ್ಯ: ಮಿನ್‌ಸ್ಟರ್‌ನ ಒಳಾಂಗಣ, ಪೂರ್ವದ ಮಹಾಗವಾಕ್ಷಿ]

ಮೋಡ ಕವಿದ ದಿನ ಮಿನ್‌ಸ್ಟರ್‌ನ ಒಳಗೆ ಹೋಗಿ. ಕೊವೆಂಟ್ರಿಯ ಜಾನ್ ಥಾರ್ನ್‌ಟನ್ 1405ರಿಂದ 1408ರವರೆಗೆ ರಚಿಸಿದ ಪೂರ್ವದ ಮಹಾಗವಾಕ್ಷಿಯ ಬಣ್ಣದ ಗಾಜಿಗೆ ನೇರ ಬಿಸಿಲಿಗಿಂತ ಸಮನಾದ ಬಿಳಿ ಆಕಾಶವೇ ಒಳ್ಳೆಯ ಹಿನ್ನೆಲೆ; ಬಿಸಿಲಿನಲ್ಲಿ ಕೆಲವು ಚೌಕಗಳು ಉರಿದು ಬೆಳ್ಳಗಾಗಿ, ಪಕ್ಕದವು ಕಪ್ಪಾಗಿಬಿಡುತ್ತವೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಗಾಜಿಗೆ ಹೊಂದಿಸಿ, ಸುತ್ತಲಿನ ಕಲ್ಲು ಕತ್ತಲಾದರೂ ಚಿಂತೆಯಿಲ್ಲ. ಶಿಲುಬೆಯಾಕಾರದ ಕಟ್ಟಡದ ಉತ್ತರ ತೋಳಿನ ಫೈವ್ ಸಿಸ್ಟರ್ಸ್ ಕಿಟಕಿಯ ಬೂದುಛಾಯೆಯ ಗಾಜನ್ನು ಮಾತ್ರ ಹೆಚ್ಚಿನವರು ಗಮನಿಸದೆ ಮುಂದೆ ಹೋಗುತ್ತಾರೆ. ಹದಿಮೂರನೆಯ ಶತಮಾನದ ಆ ಗಾಜಿನ ನಯವಾದ ಛಾಯಾಭೇದಗಳು ಕಪ್ಪುಬಿಳುಪು ಚಿತ್ರಕ್ಕೆ ಹೇಳಿ ಮಾಡಿಸಿದಂತಿವೆ.

[ದೃಶ್ಯ: ಹುಲ್ಲಿನ ದಿಬ್ಬದ ಮೇಲೆ ಕ್ಲಿಫರ್ಡ್ಸ್ ಟವರ್]

ಹಳೆಯ ಯಾರ್ಕ್ ಕೋಟೆಯ ಗೋಪುರವಾದ ಕ್ಲಿಫರ್ಡ್ಸ್ ಟವರ್‌ನ ದಿಬ್ಬ ವಸಂತದಲ್ಲಿ ಡ್ಯಾಫೊಡಿಲ್‌ಗಳಿಂದ ಹಳದಿಯಾಗುತ್ತದೆ, ಆ ಚಿತ್ರವನ್ನು ತೆಗೆಯದವರೇ ಇಲ್ಲ. ಈಗಿನ ಕಲ್ಲಿನ ಗೋಪುರ ಹದಿಮೂರನೆಯ ಶತಮಾನದ್ದು. ಅದಕ್ಕೂ ಮುಂಚೆ ಅಲ್ಲಿದ್ದ ಮರದ ಗೋಪುರದಲ್ಲಿ 1190ರ ಮಾರ್ಚ್ 16ರಂದು, ಹೊರಗೆ ಮುತ್ತಿದ್ದ ಗುಂಪಿಗೆ ಹೆದರಿ ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಗಳು ಸತ್ತರು. ಹಲವರು ತಾವೇ ಪ್ರಾಣ ತೆಗೆದುಕೊಂಡರು, ಉಳಿದವರನ್ನು ಗುಂಪು ಕೊಂದಿತು. ದಿಬ್ಬದ ಬುಡದಲ್ಲಿ ಅದರ ಸ್ಮರಣಫಲಕವಿದೆ. ಹೂಗಳೊಡನೆ ಅದೂ ಚೌಕಟ್ಟಿನಲ್ಲಿರುವಂತೆ ಕೆಳಗಿನಿಂದ ತೆಗೆದ ಚಿತ್ರ ಬರೀ ಹೂವಿನ ಚಿತ್ರಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. 2022ರಲ್ಲಿ ಗೋಪುರದ ತುದಿಯಲ್ಲಿ ಮರದ ಅಟ್ಟಣೆ ತೆರೆಯಿತು. ಅದು ಮಿನ್‌ಸ್ಟರ್‌ಗೆ ದಕ್ಷಿಣದಲ್ಲಿರುವುದರಿಂದ, ಅಲ್ಲಿ ನಿಂತವರ ಬೆನ್ನಿಗೆ ಮಧ್ಯಾಹ್ನದ ಸೂರ್ಯನಿರುತ್ತಾನೆ. ಉಳಿದ ಕಡೆ ಕಾಯಬೇಕಾದ ನಡುಹಗಲಿನ ಹೊತ್ತನ್ನು ಇಲ್ಲಿಗೆ ಮೀಸಲಿಟ್ಟರೆ, ಪೂರ್ತಿ ಬೆಳಗಿದ ದಕ್ಷಿಣ ಮುಖ ಸಿಗುತ್ತದೆ.