ಬಲವಾದ ಎಸೆತ ಶುರುವಾಗೋದು ಕಾಲಿಂದ

ಬಾಲ್ ಕಡೆ ಆಮೇಲೆ ನೋಡೋಣ, ಮೊದಲು ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಕಾಲು ಗಮನಿಸಿ. 2001ರ ಏಪ್ರಿಲ್ 11, ಓಕ್ಲೆಂಡ್. ಸಿಯಾಟಲ್ ಮ್ಯಾರಿನರ್ಸ್ ತಂಡದ ಇಚಿರೊ ರೈಟ್ ಫೀಲ್ಡ್‌ನಲ್ಲಿದ್ದಾರೆ, ಅಂದ್ರೆ ಮೈದಾನದ ಹೊರಭಾಗವಾದ ಔಟ್‌ಫೀಲ್ಡ್‌ನ ಬಲಬದಿಯಲ್ಲಿ. ಈ ಆಟದಲ್ಲಿ ರನ್ನರ್ ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ದಾಟಿ ಹೋಮ್ ಪ್ಲೇಟ್ ಮುಟ್ಟಿದ್ರೆ ಒಂದು ರನ್. ಫಸ್ಟ್ ಬೇಸ್‌ನಲ್ಲಿದ್ದ ಎದುರಾಳಿ ಟೆರೆನ್ಸ್ ಲಾಂಗ್ ಸೆಕೆಂಡ್ ದಾಟಿ ಥರ್ಡ್ ಕಡೆ ಓಡ್ತಿದ್ದಾರೆ. ಬಾಲ್ ಉರುಳ್ಕೊಂಡು ಬರಲಿ ಅಂತ ಇಚಿರೊ ಕಾಯೋದಿಲ್ಲ, ಮುಂದಕ್ಕೆ ನುಗ್ಗಿ ಎತ್ತಿಕೊಂಡು ಅದೇ ವೇಗದಲ್ಲಿ ಎಸೀತಾರೆ. ಬಾಲ್ ನೆಲ ಮುಟ್ಟದೆ ನೇರವಾಗಿ ಥರ್ಡ್ ಬೇಸ್‌ಮನ್ ಗ್ಲೌಸಿಗೆ ಬೀಳುತ್ತೆ. ಲಾಂಗ್ ಔಟ್.

ಗಟ್ಟಿ ತೋಳು ಅಂದ ಕೂಡಲೇ ಎಲ್ಲರೂ ವೇಗದ ಅಂಕಿ ಕೇಳ್ತಾರೆ. ಅದೂ ಇದೆ. 2016ರ ಏಪ್ರಿಲ್ 20ರಂದು ಯಾಂಕೀಸ್ ತಂಡದ ಆರನ್ ಹಿಕ್ಸ್ ಲೆಫ್ಟ್ ಫೀಲ್ಡ್‌ನಿಂದ ಗಂಟೆಗೆ 105.5 ಮೈಲಿ, ಅಂದ್ರೆ ಸುಮಾರು 170 ಕಿ.ಮೀ. ವೇಗದಲ್ಲಿ ಎಸೆದು ಹೋಮ್ ಪ್ಲೇಟ್‌ನಲ್ಲಿ ಡ್ಯಾನಿ ವೆಲೆನ್ಸಿಯಾ ಅವರನ್ನ ಔಟ್ ಮಾಡಿದ್ರು. ಬೇಸ್‌ಗಳ ಸುತ್ತಲಿನ ಒಳಭಾಗ, ಅಂದ್ರೆ ಇನ್‌ಫೀಲ್ಡ್‌ನಲ್ಲಿ ಪಿಟ್ಸ್‌ಬರ್ಗ್‌ನ ಒನೀಲ್ ಕ್ರೂಜ್ 2022ರ ಜುಲೈನಲ್ಲಿ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವಿನ) ಜಾಗದಿಂದ 97.8 ಮೈಲಿ ಮುಟ್ಟಿಸಿದ್ರು.

ಆದ್ರೆ ಸ್ವಲ್ಪ ಲೆಕ್ಕ ಹಾಕಿ. 75 ಮೀಟರ್ ದೂರಕ್ಕೆ ಗಂಟೆಗೆ 90 ಮೈಲಿ ಎಸೆತಕ್ಕೂ 95 ಮೈಲಿ ಎಸೆತಕ್ಕೂ ಇರೋ ಅಂತರ ಹೆಚ್ಚೂಕಮ್ಮಿ 0.1 ಸೆಕೆಂಡ್. ಅಷ್ಟರಲ್ಲಿ ಮೇಜರ್ ಲೀಗ್ ರನ್ನರ್ ಓಡೋದು 80 ಸೆಂಟಿಮೀಟರ್ ಚಿಲ್ಲರೆ. ಬಾಲ್ ಹಿಡಿದ ಮೇಲೆ ಫೀಲ್ಡರ್ ಒಂದೇ ಒಂದು ಹೆಜ್ಜೆ ಜಾಸ್ತಿ ಇಟ್ರೂ ಅದಕ್ಕಿಂತ ಹೆಚ್ಚು ಸಮಯ ಕೈಬಿಟ್ಟು ಹೋಗುತ್ತೆ. ಹಾಗಾಗಿ ವೇಗ ಅಳೆಯೋ ಮುಂಚೆ ಹೆಜ್ಜೆ ಎಣಿಸಿ.

ಈಗ ನಿಧಾನಗತಿಯಲ್ಲಿ ನೋಡೋಣ. ಬಲಗೈ ಫೀಲ್ಡರ್. ಎತ್ತರದ ಕ್ಯಾಚ್ ಆದ್ರೆ ಬಾಲ್ ಬೀಳೋ ಜಾಗಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ ನಿಂತು, ಮುಂದಕ್ಕೆ ಬರ್ತಾ ಬಲ ಭುಜದ ಮೇಲೆ ಹಿಡೀತಾರೆ. ಆಮೇಲೆ ಬರೋದೇ ಕ್ರೋ ಹಾಪ್, ಎಸೆಯೋ ಮುಂಚಿನ ಪುಟ್ಟ ಕುಪ್ಪಳಿಕೆ. ಬಲಗಾಲು ಎಡಗಾಲಿನ ಮುಂದಿನಿಂದ ಬಂದು, ಪಾದ ಗುರಿಗೆ ಅಡ್ಡಲಾಗಿ ಇಳಿಯುತ್ತೆ. ಎಡ ಭುಜ ಗುರಿ ಕಡೆ ತಿರುಗುತ್ತೆ, ಎಡಗಾಲು ನೇರ ಗುರಿಯತ್ತ ಹೋಗುತ್ತೆ. ಮೊದಲು ಸೊಂಟ, ಆಮೇಲೆ ಎದೆ, ಕೊನೆಗೆ ಕೈ. ಈ ಸರದಿ ತಪ್ಪಿ ಎಡ ಭುಜ ಬೇಗ ತೆರೆದುಕೊಂಡ್ರೆ ಬಾಲ್ ಮೇಲಕ್ಕೆ, ಬಲಕ್ಕೆ ಹಾರುತ್ತೆ. ಎಡಗಾಲು ಗುರಿಯ ಗೆರೆಗಿಂತ ಬಲಕ್ಕೆ ಬಿದ್ರೆ ಸೊಂಟ ತಿರುಗಲ್ಲ, ಇಡೀ ಭಾರ ಮೊಣಕೈ ಮೇಲೆ. ಇನ್ನು ಕೆಲವರು ಮುಂದೆ ಚಿಮ್ಮೋ ಬದಲು ಮೇಲಕ್ಕೆ ನೆಗೀತಾರೆ, ಅಲ್ಲಿ ಸಮಯವೂ ಹೋಯ್ತು, ಓಟದ ವೇಗವೂ ಹೋಯ್ತು.

ಹಿಡಿತ: ತೋರುಬೆರಳು, ಮಧ್ಯದ ಬೆರಳು ಹೊಲಿಗೆಗೆ ಅಡ್ಡಲಾಗಿ ಕೂರಬೇಕು. ಹೊಲಿಗೆ ಉದ್ದಕ್ಕೆ ಹಿಡಿದ್ರೆ ಬಾಲ್ ಕೊನೆಗೆ ಪಕ್ಕಕ್ಕೆ ಜಾರುತ್ತೆ. ನೋಡಿ ಹಿಡಿಯೋಕೆ ಪುರುಸೊತ್ತಿರಲ್ಲ, ಗ್ಲೌಸ್‌ನಿಂದ ತೆಗೆಯೋವಾಗಲೇ ಬೆರಳು ತಾನಾಗಿ ಹುಡುಕಿಕೊಳ್ಳಬೇಕು.

ಎತ್ತರಕ್ಕೆ ಎಸೆಯೋ ಆಸೆ ಬಿಡಿ. ನಡುವೆ ನಿಂತು ಬೇಕಾದ್ರೆ ಬಾಲ್ ತಡೆದು ಬೇರೆ ಕಡೆ ಎಸೆಯೋ ಕಟ್‌ಆಫ್ ಆಟಗಾರನ ತಲೆ ಎತ್ತರದಲ್ಲೇ ಬಾಲ್ ಹೋಗ್ಬೇಕು. ಅವನ ಕೈಗೆ ಸಿಗದ ಎಸೆತ ಸ್ವಲ್ಪ ದಾರಿ ತಪ್ಪಿದ್ರೂ, ಹಿಂದೆ ಇರೋ ಬ್ಯಾಟರ್ ಸುಮ್ಮನೆ ಸೆಕೆಂಡ್ ಬೇಸ್ ತಲುಪ್ತಾರೆ. ಹೋಮ್ ಪ್ಲೇಟ್ ತುಂಬಾ ದೂರ ಇದ್ರೆ ಒಂದು ಪುಟ ಬಿದ್ದೇ ಹೋಗ್ಲಿ, ಕ್ಯಾಚರ್ ಮುಂದೆ ನಾಲ್ಕೈದು ಮೀಟರ್ ದೂರದಲ್ಲಿ.

ಇದಕ್ಕೆ ಹೊರತಾದ ಎಸೆತವೂ ಒಂದಿದೆ. 2018ರ ಆಗಸ್ಟ್ 11, ಏಂಜಲ್ ಸ್ಟೇಡಿಯಂ. ರಮೋನ್ ಲೌರಿಯಾನೊ ದೂರದಲ್ಲಿ ಕ್ಯಾಚ್ ಹಿಡಿದು 321 ಅಡಿ, ಸುಮಾರು 98 ಮೀಟರ್, ನೇರ ಫಸ್ಟ್ ಬೇಸ್‌ಗೆ ಎಸೆದು, ಕ್ಯಾಚ್ ಆದ್ದರಿಂದ ಅಲ್ಲಿಗೆ ವಾಪಸ್ ಬರಬೇಕಿದ್ದ ರನ್ನರನ್ನೂ ಔಟ್ ಮಾಡಿದ್ರು. ಅದ್ಭುತ, ಎರಡು ಮಾತಿಲ್ಲ. ಆದ್ರೆ ಕಲಿಯೋಕೆ ಅಂತ ನೋಡೋದಾದ್ರೆ ರೊಬೆರ್ಟೊ ಕ್ಲೆಮೆಂಟೆ ಅವರನ್ನೇ ನೋಡಿ. ಪಿಟ್ಸ್‌ಬರ್ಗ್‌ನ ಈ ರೈಟ್ ಫೀಲ್ಡರ್ ಹೆಸರಲ್ಲಿ ಔಟ್‌ಫೀಲ್ಡ್‌ನಿಂದ 266 ಅಸಿಸ್ಟ್ (ಔಟ್‌ಗೆ ನೆರವಾದ ಎಸೆತ) ಇವೆ, ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲೋವ್ ಪ್ರಶಸ್ತಿ 12 ಇವೆ. ಥರ್ಡ್ ಬೇಸ್‌ಗೆ ಅತಿ ದೂರದ ಎಸೆತ ರೈಟ್ ಫೀಲ್ಡ್‌ನದ್ದೇ, ಅದಕ್ಕೇ ತಂಡದ ಗಟ್ಟಿ ತೋಳನ್ನ ಅಲ್ಲಿ ನಿಲ್ಲಿಸೋದು.

ಅಭ್ಯಾಸಕ್ಕೆ ಇಳಿಯೋರು 15 ಮೀಟರ್‌ನಿಂದ ಶುರು ಮಾಡಿ, ಮೈ ಬಿಸಿಯಾದ ಹಾಗೆ ಹಿಂದೆ ಸರೀರಿ. ಮೊಣಕೈ ಒಳಬದಿ ನೋವು, ಕಿರುಬೆರಳು ಜೋಮು, ಇವೆರಡರಲ್ಲಿ ಯಾವುದು ಕಂಡ್ರೂ ಅವತ್ತಿಗೆ ಬಾಲ್ ಕೆಳಗಿಟ್ಟು ವೈದ್ಯರಿಗೆ ತೋರಿಸಿ.